ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಕೈಕೊಟ್ಟರೆ: ಫಾರ್ಮ್ಯಾಟ್ ಮಾಡುವ ಮುಂಚೆ ನೋಡಬೇಕಾದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪಾಗಲಿ ಹೊಸ ಪ್ರೊಸೆಸರ್ ಆಗಲಿ ಇಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪ್‌ಗಳಿಗೆ ಜನ ಈಗ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಬಗೆಗಳಾದ ಉಬುಂಟು, ಲಿನಕ್ಸ್ ಮಿಂಟ್ ಹಾಕಿಕೊಳ್ಳುತ್ತಿದ್ದಾರೆ. ಒಳ್ಳೆಯದೇ. ತೊಂದರೆ ಏನೆಂದರೆ, ಜೊತೆಗೆ ಹಳೆಯ ಅಭ್ಯಾಸವೊಂದೂ ಬಂದುಬಿಡುತ್ತದೆ: ಏನಾದರೂ ಕೆಟ್ಟರೆ ಸೀದಾ ಫಾರ್ಮ್ಯಾಟ್. ಲಿನಕ್ಸ್‌ನಲ್ಲಿ ಇದು ಬಹಳ ಸಲ ದಂಡ. ವೈಫೈ ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲದ್ದಕ್ಕೆ ವೈಫೈ ಬರುತ್ತಿಲ್ಲ ಅಂದ್ರೆ, ಎಷ್ಟು ಸಲ ಹೊಸದಾಗಿ ಹಾಕಿದರೂ ಆ ಡ್ರೈವರ್ ಇರುವುದಿಲ್ಲ.

ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಅನ್ನು ಅಳಿಸಬೇಡಿ, ಎತ್ತಿಡಿ. ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಹಾಗೇ ಲೈವ್ ಆಗಿ ಓಡಿಸಿ ನೋಡಿ. ಲೈವ್‌ನಲ್ಲಿ ಸರಿಯಿದ್ದು, ಡಿಸ್ಕ್‌ನಲ್ಲಿರುವ ಲಿನಕ್ಸ್‌ನಲ್ಲಿ ಮಾತ್ರ ಕೆಟ್ಟಿದ್ದರೆ ತಪ್ಪು ಸೆಟ್ಟಿಂಗ್‌ನಲ್ಲಿದೆ, ಇಲ್ಲವೇ ಈಚಿನ ಅಪ್‌ಡೇಟ್‌ನಲ್ಲಿದೆ. ಲೈವ್‌ನಲ್ಲೂ ಕೆಟ್ಟಿದ್ದರೆ ಡ್ರೈವರ್ ಅಥವಾ ಹಾರ್ಡ್‌ವೇರ್. ಹೊಸ ಆವೃತ್ತಿಯ ಲೈವ್‌ನಲ್ಲೂ ಇಲ್ಲ, ವಿಂಡೋಸ್‌ನಲ್ಲೂ ಇಲ್ಲ ಅಂದರೆ ಹಾರ್ಡ್‌ವೇರ್ ಮೇಲೆಯೇ ಅನುಮಾನ. ಕೆಳಗೆ ಬರುವ ಮುಕ್ಕಾಲು ಪಾಲು ಈ ವಿಂಗಡಣೆಯ ಮೇಲೆಯೇ ನಿಂತಿದೆ.

ಕಮ್ಯಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ ಎಂಬ ಆಪ್ ತೆರೆದು ಅದರಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ.

ಕೈ ಹಾಕುವ ಮೊದಲು

ಮೊದಲು ಬ್ಯಾಕಪ್. ಡಿಸ್ಕ್‌ನಲ್ಲಿರುವ ಲಿನಕ್ಸ್ ಬೂಟ್ ಆಗದಿದ್ದರೂ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೋಟೋ, ದಾಖಲೆಗಳನ್ನು ಇನ್ನೊಂದು ಡ್ರೈವ್‌ಗೆ ನಕಲಿಸಬಹುದು.

ವಿಂಡೋಸ್ ಕೂಡ ಇದೆಯಾ? ಹಾಗಿದ್ದರೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳ ಪುಟ) ಏನನ್ನೂ ಮುಟ್ಟುವ ಮೊದಲು, ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. 48 ಅಂಕಿಗಳ ಕೀ ಅದು, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಗುತ್ತದೆ. "ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ" ಎನ್ನುವವರೂ ನೋಡಿ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಬದಲಿಸಿದ ಕೂಡಲೇ ವಿಂಡೋಸ್ ಆ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿರುವುದೆಲ್ಲ ಹೋದಂತೆಯೇ.

ಟಚ್‌ಪ್ಯಾಡ್ ಮೇಲೆದ್ದಿದೆಯಾ? ತಳ ಉಬ್ಬಿ, ಟೇಬಲ್ ಮೇಲೆ ಇಟ್ಟರೆ ಅಲುಗಾಡುತ್ತದಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಇಲ್ಲಿಗೇ ನಿಲ್ಲಿಸಿ. ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ರಿಪೇರಿ ಗೊತ್ತಿದ್ದವರಿಂದ ಬ್ಯಾಟರಿ ಬದಲಾಯಿಸಿಕೊಂಡು ಆಮೇಲೆ ಉಳಿದದ್ದು ನೋಡೋಣ.

ಪೆನ್‌ಡ್ರೈವ್‌ನಿಂದ ಬೂಟ್ ಆಗುವುದೇ ಇಲ್ಲ, ಸೀದಾ ವಿಂಡೋಸ್ ಬರುತ್ತದೆ

ಖರ್ಚಿಲ್ಲದ ಪರೀಕ್ಷೆ: ಇನ್ನೊಂದು ಯುಎಸ್‌ಬಿ ಪೋರ್ಟ್‌ಗೆ ಹಾಕಿ, ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯಾಸ್ ಒಳಗೆ ಹೋಗಿ ಆನ್ ಮಾಡಬೇಕಾಗಬಹುದು.

ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲವೇ? ಅದನ್ನು ಬರೆದ ರೀತಿ ತಪ್ಪಿರಬಹುದು. ಡೌನ್‌ಲೋಡ್ ಮಾಡಿದ ಲಿನಕ್ಸ್‌ನ ಐಎಸ್‌ಒ ಫೈಲನ್ನು ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್ ಅಥವಾ ಬಲೀನಾ ಎಚರ್‌ನಂಥ ಟೂಲ್‌ನಿಂದ ಬರೆಯಬೇಕು. ಹೆಸರಿದೆ, ಆರಿಸಿದರೆ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಡೌನ್‌ಲೋಡ್ ಅರ್ಧಂಬರ್ಧ ಆಗಿರಬಹುದು. ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತಕ್ಕೆ (ಫೈಲಿನ ಬೆರಳಚ್ಚಿನಂಥ ಉದ್ದನೆಯ ಅಕ್ಷರಸಾಲು) ನಿಮ್ಮ ಫೈಲಿನದ್ದು ಹೊಂದುತ್ತದಾ ನೋಡಿ. ಒಂದು ಅಕ್ಷರ ಬೇರೆಯಾದರೂ ಮತ್ತೆ ಡೌನ್‌ಲೋಡ್ ಮಾಡಿ.

ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಎಲ್ಲರೂ ಮೊದಲೇ ಹೇಳುತ್ತಾರೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್‌ಗೆ ಮಾಮೂಲಾಗಿ ಅದರ ಅಗತ್ಯ ಇಲ್ಲ. ಸೆಕ್ಯೂರಿಟಿ ತಪ್ಪು ಎಂದು ಸ್ಕ್ರೀನ್ ಮೇಲೆಯೇ ಬಂದರೆ ಮಾತ್ರ ಆಫ್ ಮಾಡಿ. ಬಿಟ್‌ಲಾಕರ್ ಕೀ ಕೈಯಲ್ಲಿರಲಿ.

ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ

ಲೈವ್ ಚೆನ್ನಾಗಿ ಓಡುತ್ತದೆ, ಆದರೆ ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎನ್ನುವ ಪುಟದಲ್ಲಿ ಪೆನ್‌ಡ್ರೈವ್ ಬಿಟ್ಟರೆ ಬೇರೇನೂ ಇಲ್ಲ. ಹೀಗಾದರೆ ಗಾಬರಿ ಬೇಡ, ಡಿಸ್ಕ್ ಸತ್ತಿದೆ ಎಂದೇನಲ್ಲ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್‌ನ ಸ್ಟೋರೇಜ್ ಸೆಟ್ಟಿಂಗ್ ಆರ್‌ಎಸ್‌ಟಿ ಅಥವಾ ರೈಡ್ ಎಂದಿದ್ದರೆ ಹೀಗಾಗುತ್ತದೆ. ಅದನ್ನು ಎಎಚ್‌ಸಿಐಗೆ ಬದಲಿಸಬೇಕು.

ಇಲ್ಲೊಂದು ಗುಂಡಿ ಇದೆ. ಹಾಗೇ ಬದಲಿಸಿದರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸಿ ಕೂರುತ್ತದೆ. ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುತ್ತಲೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ, ವಿಂಡೋಸ್ ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದಮೇಲೆ ಆ ಟಿಕ್ ತೆಗೆಯಿರಿ. ವಿಂಡೋಸ್ ಬೇಡವೇ ಬೇಡ ಎನ್ನುವವರಿಗೆ ಈ ತಾಪತ್ರಯ ಇಲ್ಲ.

ಬಯಾಸ್ ಒಳಗೂ ಡಿಸ್ಕ್ ಹೆಸರಿಲ್ಲದಿದ್ದರೆ ಮಾತ್ರ ಅದು ಸಡಿಲಾಗಿದೆ ಅಥವಾ ಕೆಟ್ಟಿದೆ.

ಲೋಗೋ ಬರುತ್ತದೆ, ಆಮೇಲೆ ಕಪ್ಪು ಸ್ಕ್ರೀನ್

ಮೊದಲು ಒಂದು ಪುಕ್ಕಟೆ ಪರೀಕ್ಷೆ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಅನ್ನು ಸ್ಕ್ರೀನ್‌ಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಲಿನಕ್ಸ್ ಓಡುತ್ತಿದೆ, ಹಿಂದಿನ ಬೆಳಕು ಮಾತ್ರ ಇಲ್ಲ. ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಹಾಕಿದರೆ ಚೆನ್ನಾಗಿ ಬರುತ್ತದೆ, ಬಯಾಸ್ ಪುಟವೂ ಲ್ಯಾಪ್‌ಟಾಪ್ ಪರದೆಯಲ್ಲಿ ಕಾಣುವುದಿಲ್ಲ ಅಂದರೆ ಅದು ಪರದೆ ಅಥವಾ ಅದರ ಕೇಬಲ್‌ನ ರೋಗ. ಲಿನಕ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಬಯಾಸ್ ಕಾಣುತ್ತದೆ, ಲಿನಕ್ಸ್ ಮಾತ್ರ ಕಪ್ಪು ಅಂದರೆ ಗ್ರಾಫಿಕ್ಸ್ ಡ್ರೈವರ್. ಎನ್‌ವಿಡಿಯಾ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಗ್ರಬ್ ಮೆನು ತನ್ನಿ, ಅಡಗಿದ್ದರೆ ಕಂಪನಿ ಲೋಗೋ ಕಂಡಾಗ ಎಸ್ಕೇಪ್ ಒತ್ತಿ. ಮೊದಲ ಸಾಲಿನ ಮೇಲಿದ್ದು ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಉದ್ದನೆಯ ಸಾಲಿನ ಕೊನೆಯ ಹತ್ತಿರ ಕ್ವಯಟ್ ಸ್ಪ್ಲಾಶ್ ಎಂಬ ಪದಗಳಿರುತ್ತವೆ. ಅದರ ಪಕ್ಕ ಒಂದು ಸ್ಪೇಸ್ ಬಿಟ್ಟು ನೋಮೋಡ್‌ಸೆಟ್ ಎಂದು ಒಂದೇ ಪದವಾಗಿ ಸೇರಿಸಿ ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಹಾಗಾಗಿ ಹೆದರಬೇಕಾಗಿಲ್ಲ.

ಪರದೆ ಬಂತಾ? ದೋಷ ಎಲ್ಲಿದೆ ಎಂದು ಖಾತ್ರಿಯಾಯಿತು. ನೋಮೋಡ್‌ಸೆಟ್ ಅನ್ನೇ ಕಾಯಂ ಮಾಡಿಕೊಂಡು ಕೂರಬೇಡಿ, ಗ್ರಾಫಿಕ್ಸ್ ಚಿಪ್ಪಿನ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬಿದ್ದು ವಿಡಿಯೋ ಎಳೆದಾಡುತ್ತದೆ. ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುನಲ್ಲಿ ಅಡಿಷನಲ್ ಡ್ರೈವರ್ಸ್ ತೆರೆದು, ಶಿಫಾರಸು ಎಂದು ಗುರುತಿರುವ ಎನ್‌ವಿಡಿಯಾ ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಅದು ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ ಎಂಬ ಆಯ್ಕೆ ಬರುತ್ತದೆ. ಆ ನೀಲಿ ಪರದೆಯನ್ನು ವೈರಸ್ಸೇನೋ ಅಂದುಕೊಂಡು ದಾಟಿಬಿಡುವವರು ಬಹಳ ಜನ, ಆಮೇಲೆ ಡ್ರೈವರ್ ಲೋಡ್ ಆಗದೆ ಮತ್ತೆ ಅದೇ ಕಥೆ. ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

ನಿನ್ನೆಯವರೆಗೆ ಸರಿಯಿದ್ದು ಅಪ್‌ಡೇಟ್ ಆದಮೇಲೆ ಕಪ್ಪಾದರೆ ದಾರಿ ಇನ್ನೂ ಸುಲಭ. ಗ್ರಬ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಇರುತ್ತದೆ, ಅದರಲ್ಲಿ ಬೂಟ್ ಮಾಡಿ. ಕೆಲಸ ಮಾಡಿದರೆ ಮುಂದಿನ ಅಪ್‌ಡೇಟ್ ಬರುವವರೆಗೆ ಅದರಲ್ಲೇ ಇರಿ.

ವೈಫೈ ತೊಂದರೆ

ಅತಿ ಹೆಚ್ಚು ಜನ ಕೇಳುವುದು ಇದನ್ನೇ. "ವೈಫೈ ಬರ್ತಿಲ್ಲ" ಎನ್ನುವ ಒಂದು ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ರೋಗಗಳಿವೆ.

ವೈಫೈ ಎಂಬ ಹೆಸರು ಇದೆ, ಆದರೆ ಆನ್ ಆಗುವುದಿಲ್ಲ. ಏರೋಪ್ಲೇನ್ ಕೀ ಒತ್ತಿ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಸಣ್ಣ ಸ್ಲೈಡ್ ಸ್ವಿಚ್ ಇರುತ್ತದೆ, ಬ್ಯಾಗಿನಿಂದ ತೆಗೆಯುವಾಗ ಜರುಗಿರಬಹುದು. ಆಮೇಲೆ ಟರ್ಮಿನಲ್‌ನಲ್ಲಿ ಆರ್‌ಎಫ್‌ಕಿಲ್ ಎಂದು ಹೊಡೆಯಿರಿ. ಸಾಫ್ಟ್ ಬ್ಲಾಕ್ ಆಗಿದೆ ಎಂದರೆ ಸಾಫ್ಟ್‌ವೇರ್ ತಡೆದಿದೆ, ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್ ಎಂದರೆ ಬಿಡುತ್ತದೆ. ಹಾರ್ಡ್ ಬ್ಲಾಕ್ ಎಂದರೆ ಸ್ವಿಚ್, ಕೀ ಅಥವಾ ಬಯಾಸ್ ಸೆಟ್ಟಿಂಗ್. ಕಮ್ಯಾಂಡ್‌ಗೆ ಅದು ಬಗ್ಗುವುದಿಲ್ಲ.

ವೈಫೈ ಎಂಬ ಸಾಲೇ ಇಲ್ಲ. ಇದು ಡ್ರೈವರ್ ಅಥವಾ ಫರ್ಮ್‌ವೇರ್ (ಕಾರ್ಡಿನ ಒಳಗೇ ಓಡುವ ಸಾಫ್ಟ್‌ವೇರ್) ತೊಂದರೆ. ಎಲ್‌ಎಸ್‌ಪಿಸಿಐ ಎಂದು ಹೊಡೆದು, ಸ್ಪೇಸ್ ಬಿಟ್ಟು ಹೈಫನ್ ಕೆ ಸೇರಿಸಿ. ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನಲ್ಲಿ ಕಾರ್ಡಿನ ಕಂಪನಿ ಹೆಸರು ಸಿಗುತ್ತದೆ, ಅದರ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಎಂಬ ಸಾಲಿಲ್ಲದಿದ್ದರೆ ಕಾರ್ಡ್ ಇದೆ, ಅದನ್ನು ಓಡಿಸುವ ಡ್ರೈವರ್ ಇಲ್ಲ. ಬ್ರಾಡ್‌ಕಾಮ್ ಎಂದು ಕಂಡರೆ ಡ್ರೈವರ್ ಮ್ಯಾನೇಜರ್‌ನಿಂದ ಅದರ ಡ್ರೈವರ್ ಹಾಕಬೇಕು. ಹಳೆಯ ಡೆಲ್, ಎಚ್‌ಪಿ, ಮ್ಯಾಕ್‌ಬುಕ್‌ಗಳಲ್ಲಿ ಇದು ಮಾಮೂಲು. ಅದಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು ಅಲ್ವಾ? ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬೇರೆ ಡ್ರೈವರ್ ಹಾಕದೆಯೂ ಲಿನಕ್ಸ್‌ಗೆ ಇಂಟರ್ನೆಟ್ ಬಂದುಬಿಡುತ್ತದೆ. ಚಾರ್ಜಿಂಗ್ ಮಾತ್ರ ಆಗುವ ಅಗ್ಗದ ಕೇಬಲ್ ಆದರೆ ಬರುವುದಿಲ್ಲ, ಕೇಬಲ್ ಬದಲಿಸಿ ನೋಡಿ.

ಲ್ಯಾಪ್‌ಟಾಪ್ ತೀರಾ ಹೊಸದಾಗಿದ್ದು ಕಾರ್ಡ್ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಆಗಿದ್ದರೆ ಕರ್ನಲ್ ಹಳತಾಗಿರಬಹುದು. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಹೊಸ ಕರ್ನಲ್ ಇದ್ದರೆ ಹಾಕಿ. ಡೆಬಿಯನ್ ಹಾಕಿದವರಿಗೊಂದು ಮಾತು: 2023ರಲ್ಲಿ ಬಂದ ಡೆಬಿಯನ್ 12ರಿಂದ ಈಚೆಗೆ ಇಂಥ ಕಾರ್ಡ್‌ಗಳ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಅದಕ್ಕೂ ಹಿಂದಿನದ್ದನ್ನು ಹಾಕಿ ಒದ್ದಾಡುವುದರಲ್ಲಿ ಅರ್ಥ ಇಲ್ಲ.

ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಾಗ ಮಾತ್ರ ವೈಫೈ ಮಾಯ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಮೇಲೆ ಅನುಮಾನ ಪಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಕಾರ್ಡನ್ನು ಅರ್ಧ ಹಿಡಿದುಕೊಂಡೇ ಇರಬಹುದು. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿ.

ಸಿಗುತ್ತದೆ, ಆಗಾಗ ಬಿಟ್ಟುಹೋಗುತ್ತದೆ. ಮೊಬೈಲ್‌ನಲ್ಲೂ ಬಿಟ್ಟುಹೋಗುತ್ತಿದ್ದರೆ ರೂಟರ್ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಅಂದರೆ ಕಾರ್ಡಿನ ಪವರ್ ಸೇವಿಂಗ್ ಆಫ್ ಮಾಡಿ ನೋಡಿ. ನೆಟ್‌ವರ್ಕ್ ಮ್ಯಾನೇಜರ್‌ನ ಸೆಟ್ಟಿಂಗ್ ಫೈಲಿನಲ್ಲಿ ವೈಫೈ ಪವರ್‌ಸೇವ್ ಎದುರು 3 ಇದ್ದರೆ ಅದು ಆನ್, 2 ಮಾಡಿದರೆ ಆಫ್.

ಏನು ಮಾಡಿದರೂ ಆಗಲಿಲ್ಲ ಅಂದರೆ ಒಳಗಿನ ಕಾರ್ಡನ್ನೇ ಬದಲಿಸಬಹುದು, ಬೆಂಗಳೂರಿನವರಿಗೆ ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆ ಇದ್ದೇ ಇದೆ. ಆದರೆ ಕೊಳ್ಳುವ ಮೊದಲು ಎರಡು ವಿಷಯ. ಇಂಟೆಲ್‌ನ ಕೆಲವು ಕಾರ್ಡ್‌ಗಳು ಸಿಎನ್‌ವಿಐ ಮಾದರಿಯವು, ಅದಕ್ಕೆ ಹೊಂದುವ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಡೆಯುತ್ತವೆ. ಇನ್ನು ಕೆಲವು ಹಳೆಯ ಎಚ್‌ಪಿ, ಲೆನೊವೊ ಬಯಾಸ್‌ಗಳು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಬೂಟ್ ಆಗಲೂ ಬಿಡುವುದಿಲ್ಲ.

ಸದ್ದೇ ಇಲ್ಲ

ಸೌಂಡ್ ಸೆಟ್ಟಿಂಗ್ ತೆರೆದು ಔಟ್‌ಪುಟ್ ಯಾವುದಿದೆ ನೋಡಿ. ಎಚ್‌ಡಿಎಂಐ ಎಂದಿದ್ದರೆ ಸ್ಪೀಕರ್ ಆರಿಸಿ, ಬಹಳ ಸಲ ಅಷ್ಟೇ ವಿಷಯ. ಡಮ್ಮಿ ಔಟ್‌ಪುಟ್ ಎಂದು ಮಾತ್ರ ಇದ್ದರೆ ಕರ್ನಲ್‌ಗೆ ಸೌಂಡ್ ಕಾರ್ಡೇ ಸಿಕ್ಕಿಲ್ಲ. ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ ಎಸ್‌ಒಎಫ್ ಎಂಬ ಫರ್ಮ್‌ವೇರ್ ಬೇಕು, ಅದನ್ನು ಹಾಕಿ ರೀಸ್ಟಾರ್ಟ್ ಮಾಡಿ. ಸ್ಪೀಕರ್ ಹೆಸರಿದ್ದೂ ಸದ್ದಿಲ್ಲದಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆಯಿರಿ. ಕಂಬದ ಕೆಳಗೆ ಎಂಎಂ ಎಂದಿದ್ದರೆ ಮ್ಯೂಟ್ ಆಗಿದೆ, ಎಂ ಒತ್ತಿದರೆ ಬಿಡುತ್ತದೆ.

ಗಡಿಯಾರ ಐದೂವರೆ ಗಂಟೆ ಆಚೀಚೆ, ಡಿ ಡ್ರೈವ್‌ಗೆ ಏನೂ ಬರೆಯಲಾಗುವುದಿಲ್ಲ

ಎರಡೂ ವಿಂಡೋಸ್ ಜೊತೆಗಿರುವವರ ತೊಂದರೆ.

ತಪ್ಪು ಸರಿಯಾಗಿ 5 ಗಂಟೆ 30 ನಿಮಿಷವೇ ಇದ್ದರೆ ಏನೂ ಕೆಟ್ಟಿಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ನಮ್ಮ ಭಾರತೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ ಎಂಬ ಜಾಗತಿಕ ಸಮಯ ಇಡುತ್ತದೆ, ಎರಡರ ನಡುವಿನ ಅಂತರವೇ ಅದು. ಟೈಮ್‌ಡೇಟ್‌ಸಿಟಿಎಲ್, ಸ್ಪೇಸ್, ಸೆಟ್-ಲೋಕಲ್-ಆರ್‌ಟಿಸಿ, ಸ್ಪೇಸ್, 1 ಎಂದು ಕೊಟ್ಟರೆ ಲಿನಕ್ಸ್ ವಿಂಡೋಸ್ ದಾರಿಗೆ ಬರುತ್ತದೆ. ತಪ್ಪು ಐದೂವರೆ ಗಂಟೆಯದ್ದಲ್ಲ, ಪ್ರತಿ ಸಲ ಆಫ್ ಮಾಡಿದಾಗಲೂ ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತದೆ ಅಂದರೆ ಬಯಾಸ್‌ನ ಬಟನ್ ಸೆಲ್ ಮುಗಿದಿದೆ. ಬ್ರೌಸರ್ ಎಲ್ಲ ಸೈಟ್‌ಗೂ "ಸುರಕ್ಷಿತವಲ್ಲ" ಎನ್ನುತ್ತಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು.

ಡಿ ಡ್ರೈವ್ ಓದಲು ಮಾತ್ರ ಸಿಗುವುದಕ್ಕೆ ಕಾರಣ ಮತ್ತದೇ ಫಾಸ್ಟ್ ಸ್ಟಾರ್ಟಪ್. ಬಲವಂತವಾಗಿ ಮೌಂಟ್ ಮಾಡುವ ಕಮ್ಯಾಂಡ್‌ಗಳು ಸಿಗುತ್ತವೆ, ಅವುಗಳ ಗೊಡವೆಗೆ ಹೋಗಬೇಡಿ. ವಿಂಡೋಸ್ ಉಳಿಸದೇ ಇಟ್ಟಿದ್ದು ಅಳಿಸಿಹೋಗಬಹುದು. ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.

ಗ್ರಬ್ ಮೆನು ಕಾಣೆಯಾಗಿದೆ

ಸೀದಾ ವಿಂಡೋಸ್ ಬಂದರೆ ಬಯಾಸ್‌ನಲ್ಲಿ ಬೂಟ್ ಆರ್ಡರ್ ನೋಡಿ. ವಿಂಡೋಸ್ ಅಪ್‌ಡೇಟ್ ತನ್ನನ್ನು ಮೊದಲು ನಿಲ್ಲಿಸಿಕೊಂಡಿರುತ್ತದೆ, ಉಬುಂಟು ಸಾಲನ್ನು ಮೇಲೆ ತಂದರೆ ಆಯಿತು.

ಶಿಮ್ ಎಸ್‌ಬಿಎಟಿ ಫೇಲ್ ಎಂಬ ಅರ್ಥದ ಸಂದೇಶ ಬಂದು ಆಫ್ ಆದರೆ, ಅದು 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್‌ನಿಂದ ಎಷ್ಟೋ ಡ್ಯುಯಲ್ ಬೂಟ್ ಲ್ಯಾಪ್‌ಟಾಪ್‌ಗಳಿಗೆ ಬಂದ ತೊಂದರೆ. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಹಳೆಯ ಪೆನ್‌ಡ್ರೈವ್ ಲೈವ್ ಕೂಡ ಇದೇ ಸಂದೇಶ ಕೊಟ್ಟರೆ ಹೊಸ ಐಎಸ್‌ಒ ಬರೆದುಕೊಳ್ಳಿ.

ಗ್ರಬ್ ರೆಸ್ಕ್ಯೂ ಎಂದು ಬರೆದು ಮಿನುಗುತ್ತಿದ್ದರೆ ಲಿನಕ್ಸ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಲಿನಕ್ಸ್‌ಗೆ ಬಿಟ್ಟ ಭಾಗ) ಅಳಿಸಿದ್ದಾರೆ ಅಥವಾ ಅದು ಸರಿದಿದೆ. ಲೈವ್‌ನಿಂದ ಡಿಸ್ಕ್ಸ್ ಆಪ್ ತೆರೆದು ಪಾರ್ಟಿಷನ್ ಇದೆಯಾ ನೋಡಿ. ಇದ್ದರೆ ಬೂಟ್ ರಿಪೇರ್ ಟೂಲ್ ಸರಿಮಾಡುತ್ತದೆ. ಇಲ್ಲದಿದ್ದರೆ, ಅದರಲ್ಲಿದ್ದ ಫೈಲ್ ಬೇಕಿದ್ದರೆ, ಆ ಡಿಸ್ಕ್‌ಗೆ ಏನನ್ನೂ ಬರೆಯದೆ ನಿಲ್ಲಿಸಿ.

ಪಾಸ್‌ವರ್ಡ್ ಸರಿ, ಆದರೂ ಮತ್ತೆ ಲಾಗಿನ್ ಪುಟಕ್ಕೇ ಬರುತ್ತದೆ

ಬಹಳ ಸಲ ಡಿಸ್ಕ್ ತುಂಬಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ಡಿಎಫ್, ಸ್ಪೇಸ್, ಹೈಫನ್ ಎಚ್ ಹೊಡೆಯಿರಿ. ಓರೆಗೆರೆ ಮಾತ್ರ ಇರುವ ಸಾಲಿನಲ್ಲಿ 100% ಇದ್ದರೆ ಕಳ್ಳ ಸಿಕ್ಕ. ಮಿಂಟ್‌ನಲ್ಲಿ ಸಿಸ್ಟಂನ ಹಿಂದಿನ ಸ್ಥಿತಿಯ ನಕಲು ಇಡುವ ಟೈಮ್‌ಶಿಫ್ಟ್‌ನ ಸ್ನ್ಯಾಪ್‌ಶಾಟ್‌ಗಳು ಜಾಗ ತಿಂದಿರುತ್ತವೆ, ಹಳೆಯವನ್ನು ಟೈಮ್‌ಶಿಫ್ಟ್‌ನಿಂದಲೇ ಅಳಿಸಿ, ಕೈಯಿಂದ ಫೋಲ್ಡರ್ ಅಳಿಸಬೇಡಿ.

ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಬ್ಯಾಟರಿ ಖಾಲಿ, ಬ್ಯಾಗಿನಲ್ಲಿ ಬಿಸಿ

ಬಿಸಿಯಾಗಿದ್ದರೆ ಅದು ಮಲಗಿಯೇ ಇಲ್ಲ. ಕಾರಣ ಸಿಗುವವರೆಗೆ ಬ್ಯಾಗಿಗೆ ಹಾಕುವ ಮೊದಲು ಪೂರ್ತಿ ಆಫ್ ಮಾಡಿ, ಗಾಳಿಯಾಡದ ಕಡೆ ಓಡುತ್ತಿರುವ ಲ್ಯಾಪ್‌ಟಾಪ್ ಅಪಾಯ.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಎಂಬ ಹಳೆಯ ಗಾಢ ನಿದ್ದೆಯ ಬದಲು ಎಸ್0 ಎಂಬ ಅರೆನಿದ್ದೆ ಇರುತ್ತದೆ. ಬಯಾಸ್‌ನಲ್ಲಿ ಸ್ಲೀಪ್ ಸ್ಟೇಟ್ ಎಂಬ ಆಯ್ಕೆ ಇದೆಯಾ ಹುಡುಕಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಅದರೊಳಗೆ ಲಿನಕ್ಸ್ ಎಂದೇ ಬರೆದಿರುತ್ತದೆ, ಅದನ್ನು ಆರಿಸಿದರೆ ಎಸ್3 ಬರುತ್ತದೆ. ಆಯ್ಕೆ ಇಲ್ಲದಿದ್ದರೆ ಬಯಾಸ್ ಅಪ್‌ಡೇಟ್ ಇದೆಯಾ ನೋಡಿ. ಚಾರ್ಜರ್ ಹಾಕದೆ ಬಯಾಸ್ ಅಪ್‌ಡೇಟ್ ಮಾಡಬೇಡಿ, ಕರೆಂಟ್ ಹೋಗಿಬರುವ ಹೊತ್ತಿನಲ್ಲಿ ಬ್ಯಾಟರಿ ದುರ್ಬಲ ಇದ್ದರೆ ಬೇಡವೇ ಬೇಡ. ನಡುವೆ ನಿಂತರೆ ಲ್ಯಾಪ್‌ಟಾಪ್ ಮೇಲೇಳುವುದಿಲ್ಲ.

ಎಚ್ಚರವಿದ್ದಾಗಲೂ ಬೇಗ ಇಳಿಯುತ್ತಿದ್ದರೆ ಯುಪವರ್, ಸ್ಪೇಸ್, ಹೈಫನ್ ಡಿ ಹೊಡೆಯಿರಿ. ಎನರ್ಜಿ ಫುಲ್ ಎನ್ನುವುದು ಈಗ ಹಿಡಿಯುವ ಶಕ್ತಿ, ಎನರ್ಜಿ ಫುಲ್ ಡಿಸೈನ್ ಹೊಸದರಲ್ಲಿ ಹಿಡಿಯುತ್ತಿದ್ದದ್ದು. ಮೊದಲಿನದ್ದು ಎರಡನೆಯದರ ಅರ್ಧಕ್ಕೆ ಇಳಿದಿದ್ದರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ.

ತೀರಾ ನಿಧಾನ, ಅಥವಾ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಲ್ಲುತ್ತದೆ

ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ನಿಧಾನಕ್ಕೆ ಬೇರೆ ಕಾರಣ ಹುಡುಕುವ ಮೊದಲು ಅದನ್ನೇ ನೋಡಿ. ಡಿಸ್ಕ್ಸ್ ಆಪ್‌ನ ಮೆನುವಿನಲ್ಲಿ ಸ್ಮಾರ್ಟ್ ಡೇಟಾ ತೆರೆಯಿರಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ ಸಂಖ್ಯೆ ಸೊನ್ನೆಯಲ್ಲದೆ ಏರುತ್ತಾ ಇದ್ದರೆ, ಒಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಪರೀಕ್ಷೆ ಸಾಕು, ಡೇಟಾ ಹೊರಗೆ ತನ್ನಿ. ಡಿಸ್ಕ್ ಸರಿಯಿದೆ, ಹಳತು ಅಷ್ಟೇ ಅಂದರೆ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಲ್ಯಾಪ್‌ಟಾಪ್‌ಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಬೇರೆ ಬೇರೆ ಕೆಲಸದ ನಡುವೆ ಯಾವಾಗೆಂದರೆ ಆಗ ಗಟ್ಟಿಯಾದರೆ ರ್‍ಯಾಮ್ ಪರೀಕ್ಷಿಸಿ. ಗ್ರಬ್ ಮೆನುವಿನಲ್ಲಿ ಮೆಮ್‌ಟೆಸ್ಟ್ ಇದ್ದರೆ ರಾತ್ರಿಯಿಡೀ ಬಿಡಿ, ಒಂದೇ ಒಂದು ಕೆಂಪು ತಪ್ಪು ಬಂದರೂ ರ್‍ಯಾಮ್ ಅಥವಾ ಅದರ ಸ್ಲಾಟ್ ಕೆಟ್ಟಿದೆ. ಫ್ಯಾನ್ ಕೂಗಿ ಕೂಗಿ ಆಫ್ ಆಗುವುದಾದರೆ ಧೂಳು.

ಕನ್ನಡ ಚೌಕಗಳಾಗಿ ಕಾಣುತ್ತದೆ, ಅಥವಾ ಟೈಪ್ ಆಗುವುದಿಲ್ಲ

ಚೌಕ ಕಂಡರೆ ಫಾಂಟ್ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ನೋಟೋ ಅಥವಾ ಗುಬ್ಬಿ ಫಾಂಟ್ ಹುಡುಕಿ ಹಾಕಿ. ಟೈಪ್ ಮಾಡಲು ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂಬುದು ಬೇರೆಯಾಗಿಯೇ ಇದೆ, ನುಡಿಯಲ್ಲಿ ಕೈ ಪಳಗಿದವರು ಅದನ್ನು ಸೇರಿಸಿ.

ಹಳೆಯ ನುಡಿ, ಬರಹ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಫೈಲ್ ಕೆಟ್ಟಿಲ್ಲ, ಲಿನಕ್ಸ್‌ನದ್ದೂ ತಪ್ಪಲ್ಲ. ಅದು ಯುನಿಕೋಡ್‌ಗೂ ಹಿಂದಿನ ಆಸ್ಕಿ ಪಠ್ಯ, ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಬೇಕು. ಮೂಲ ಫೈಲಿನ ಮೇಲೆ ಸೇವ್ ಮಾಡಬೇಡಿ.

ಬೇರೆಯವರ ಸಹಾಯ ಕೇಳುವಾಗ

ಐಎನ್‌ಎಕ್ಸ್‌ಐ, ಸ್ಪೇಸ್, ಹೈಫನ್, ದೊಡ್ಡ ಎಫ್, ಸಣ್ಣ ಜೆಡ್ ಎಂದು ಹೊಡೆದರೆ ಲ್ಯಾಪ್‌ಟಾಪ್‌ನ ಪೂರ್ತಿ ವಿವರ ಬರುತ್ತದೆ, ಆ ಜೆಡ್ ಇದ್ದರೆ ನಿಮ್ಮ ಖಾಸಗಿ ಗುರುತುಗಳು ಮರೆಯಾಗಿರುತ್ತವೆ. ಅದರ ಜೊತೆ ಲೈವ್‌ನಲ್ಲಿ ಏನಾಯಿತು ಎಂಬುದನ್ನೂ ಬರೆಯಿರಿ. ಯಾರೋ ಕೊಟ್ಟ ಸುಡೊ (ಪೂರ್ತಿ ಅಧಿಕಾರದಿಂದ ಓಡುವ) ಕಮ್ಯಾಂಡ್ ಅರ್ಥವಾಗದೆ ಒತ್ತಬೇಡಿ, ಅದರಲ್ಲೂ ಆರ್‌ಎಂ, ಡಿಡಿ ಎಂದು ಶುರುವಾಗುವುದನ್ನು.

ನೀರು ಬಿದ್ದಿದೆ, ಸುಟ್ಟ ವಾಸನೆ ಬರುತ್ತಿದೆ, ಪವರ್ ಲೈಟೇ ಹತ್ತುವುದಿಲ್ಲ, ಬಯಾಸ್‌ನಲ್ಲಿ ಡಿಸ್ಕ್ ಕಾಣುವುದಿಲ್ಲ ಎಂಬಲ್ಲಿಗೆ ಬಂದರೆ ಅಂಗಡಿಗೆ ಒಯ್ಯಿರಿ. ಕೊಡುವಾಗ "ಇದರಲ್ಲಿ ಲಿನಕ್ಸ್ ಇದೆ, ಹಾರ್ಡ್‌ವೇರ್ ಮಾತ್ರ ನೋಡಿ, ಫಾರ್ಮ್ಯಾಟ್ ಮಾಡಬೇಡಿ" ಎಂದು ಬಾಯಲ್ಲಿ ಹೇಳಿದರೆ ಸಾಲದು, ರಸೀದಿ ಮೇಲೂ ಬರೆಸಿ.